ಸೊಳ್ಳೆಯೊಳಗಿನ ಒಕ್ಕಲು

ಈ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಸೊಳ್ಳೆಯ ವಿಷಯವನ್ನು ಅದನ್ನು ಓದಿ ತಿಳಿದವರು ಹೇಳಬೇಕು. ಒಂದು ಮನೆಯ ಸಂಕಟವನ್ನು ಆ ಮನೆಯವರು ಹೇಳಬೇಕು. ಎರಡೂ ಅಲ್ಲದವರು ಬಾಯಿ ಹಾಕಿದರೆ ಎಲ್ಲೋ ಒಂದು ಕಡೆ ತಪ್ಪುವುದು ಖಂಡಿತ. ಆದರೆ ಆ ಬೀದಿಯಲ್ಲಿ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಯಾರು ಹೇಳಿದರೂ ಅಕ್ಕನಿಗೋ ತಂಗಿಗೋ ಅನ್ಯಾಯವಾಗಿಯೇ ಮುಗಿಯುತ್ತದೆ. ಅದಕ್ಕಾಗಿ ಮಾತ್ರ ಈ ಧೈರ್ಯ.

ಅಕ್ಕನ ಕೆಲಸ ಸೊಳ್ಳೆಗಳಿಗೆ ರಕ್ತ ಕೊಡುವುದು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ಆಸ್ಪತ್ರೆಯಲ್ಲಿ ಆಯಾ ಎಂದು ಸುಳ್ಳು ಹೇಳುತ್ತಿದ್ದಳು. ನಿಜ ಹೇಳಿದರೆ ನಗುತ್ತಾರೆ, ಇಲ್ಲವೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಊರಿನ ಅಂಚಿನಲ್ಲಿ ಸೊಳ್ಳೆ ಸಾಕುವ ಕಟ್ಟಡವೊಂದಿತ್ತು. ಒಳಗೆ ಹೋಗಲು ಒಂದರ ಹಿಂದೆ ಒಂದು ಬಲೆಯ ಬಾಗಿಲು. ಮೊದಲನೆಯದು ಮುಚ್ಚದೆ ಎರಡನೆಯದು ತೆರೆಯುವಂತಿರಲಿಲ್ಲ. ಒಳಗೆ ಮೈ ಬೆವರುವಷ್ಟು ಬಿಸಿ, ಉಸಿರು ಕಟ್ಟುವಷ್ಟು ತೇವ. ಒಂದು ಗೋಡೆಯ ಉದ್ದಕ್ಕೂ ಬಿಳಿ ತಟ್ಟೆಗಳಲ್ಲಿ ನೀರು, ನೀರಿನಲ್ಲಿ ತಲೆಕೆಳಗಾಗಿ ತೂಗುವ ಮರಿಹುಳುಗಳು. ಇನ್ನೊಂದು ಗೋಡೆಗೆ ಬಲೆಯ ಪಂಜರಗಳು. ಪ್ರತಿ ಪಂಜರದ ಬಾಯಿಗೂ ಅಂಗಿಯ ತೋಳಿನಂಥ ಒಂದು ಬಟ್ಟೆಯ ಚೀಲ ಹೊಲಿದಿದ್ದರು. ಅದರೊಳಗೆ ಮೊಣಕೈವರೆಗೆ ತೋಳು ತೂರಿಸಿ, ಅವು ಹೊಟ್ಟೆ ಕೆಂಪಗಾಗುವಷ್ಟು ಕುಡಿದು ಬಲೆಯ ಮೇಲೆ ಕೂರುವ ತನಕ ಅಲ್ಲಾಡದೆ ಕುಳಿತಿರಬೇಕು. ಬೆಚ್ಚಗಿನ ರಕ್ತ ತುಂಬಿದ ಯಂತ್ರವೂ ಇತ್ತು, ಆದರೆ ಯಂತ್ರದ ರಕ್ತ ಕುಡಿದವು ಅರ್ಧಕ್ಕರ್ಧ ಮೊಟ್ಟೆಯನ್ನೇ ಇಡುತ್ತಿರಲಿಲ್ಲ. ಮನುಷ್ಯರ ತೋಳು ಅಂದರೆ ಅವಕ್ಕೆ ಪ್ರಾಣ.

“ಹೆರಿಗೆ ಮಾಡಿಸೋಳು ಸೂಲಗಿತ್ತಿ ಆದ್ರೆ, ಸೊಳ್ಳೆಗೆ ತೋಳು ಕೊಡೋಳು ತೋಳುಗಿತ್ತಿ ತಾನೇ?” ಎಂದು ಪರೀಕ್ಷೆಯ ಕೋಣೆಯವನು ಒಂದು ದಿನ ತಮಾಷೆ ಮಾಡಿದ. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ತೋಳುಗಿತ್ತಿಯಾದಳು. ಅವಳೇನು ಸುಮ್ಮನಿರಲಿಲ್ಲ. ಸೊಳ್ಳೆಗಳನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಅರೆದು ಒಳಗೇನಿದೆ ಎಂದು ನೋಡುವುದು ಅವನ ಕೆಲಸ. ಅವನಿಗೆ ರುಬ್ಬಣ್ಣ ಎಂದು ಹೆಸರಿಟ್ಟಳು.

ಸೊಳ್ಳೆಯನ್ನು ಅರೆದು ನೋಡುವಂಥದ್ದು ಏನಿದೆ ಎಂಬುದನ್ನು ಅವಳಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲೇ ಮೇಡಂ ತಿಳಿಸಿದ್ದರು. ಆ ಕಟ್ಟಡಕ್ಕೆಲ್ಲ ಅವರೇ ಹಿರಿಯರು, ಮಾತು ಕಡಿಮೆ, ಆದರೆ ತಿಳಿಸಿ ಹೇಳುವ ತಾಳ್ಮೆಯಿದ್ದವರು. ಸೊಳ್ಳೆ ಎಂದರೆ ಒಂಟಿ ಮನೆಯಲ್ಲ, ವಠಾರ ಎಂದಿದ್ದರು. ಅದರ ಹೊಟ್ಟೆಯಲ್ಲಿ ನಾನಾ ಬಗೆಯ ಬ್ಯಾಕ್ಟೀರಿಯಾಗಳ ಸಂಸಾರ ನಡೆದಿರುತ್ತದೆ. ಹುಟ್ಟಿದ ನೀರಿನಿಂದ ಬಂದವು ಕೆಲವು, ಕುಡಿದ ಸಿಹಿನೀರಿನಿಂದ ಬಂದವು ಕೆಲವು. ಕೆಲವು ಉಂಡದ್ದನ್ನು ಅರಗಿಸಿಕೊಡುತ್ತವೆ, ಕೆಲವು ಬಂದು ಹೋಗುವ ನೆಂಟರು. ಇವೆಲ್ಲದರ ಜೊತೆಗೆ ನಾವು ಒಂದು ಹೊಸ ಬ್ಯಾಕ್ಟೀರಿಯಾದ ಬಿಡಾರವನ್ನು ತಂದು ಕೂರಿಸಿದ್ದೇವೆ. ಇದು ಹೊಟ್ಟೆಯಲ್ಲಷ್ಟೇ ಇರುವುದಿಲ್ಲ, ಗೋಡೆಗೋಡೆಯಲ್ಲೂ ಸೇರಿಕೊಳ್ಳುತ್ತದೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮಗಳಿಗೆ ಇಳಿಯುತ್ತದೆ. ಇದು ಇದ್ದ ಸೊಳ್ಳೆಯಲ್ಲಿ ಜ್ವರದ ವೈರಸ್ಸಿಗೆ ಕಾಲೂರಲು ಜಾಗ ಸಿಕ್ಕುವುದು ಕಷ್ಟ. ಕಚ್ಚುವುದಂತೂ ಕಚ್ಚುತ್ತದೆ, ಆದರೆ ಜ್ವರ ಹೊತ್ತು ತರುವುದಿಲ್ಲ.

ತೋಳುಗಿತ್ತಿಗೆ ಆ ಬ್ಯಾಕ್ಟೀರಿಯಾದ ಉದ್ದನೆಯ ಹೆಸರು ನಾಲಿಗೆಯ ಮೇಲೆ ನಿಲ್ಲಲಿಲ್ಲ. ಅವಳು ಅದನ್ನು ‘ಒಕ್ಕಲು’ ಎಂದು ಕರೆದಳು. ಕೊನೆಗೆ ಮೇಡಂ ಬಾಯಲ್ಲೂ ಅದೇ ಬಂತು. ಈ ಪಂಜರದ್ದು ಒಕ್ಕಲಿದೆಯಾ, ಎಷ್ಟರಲ್ಲಿದೆ ಎಂದು ರುಬ್ಬಣ್ಣನನ್ನು ಕೇಳುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ತೋಳುಗಿತ್ತಿ ಇದ್ದದ್ದು ತಂಗಿಯ ಮನೆಯಲ್ಲಿ. ತಂಗಿ ಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿಗಳಿಗೆ ಬಟ್ಟೆಯ ಚೀಲ ಹೊಲಿಯುತ್ತಿದ್ದಳು. ತಂಗಿಯ ಗಂಡ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಅವರಿಗೆ ಒಬ್ಬಳೇ ಮಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ರಾತ್ರಿ ಮುಚ್ಚುವ ತನಕ ಬಾಯಿಗೆ ಬಿಡುವಿಲ್ಲದ್ದರಿಂದ ಅವಳನ್ನು ಎಲ್ಲರೂ ಗಿಲಕಿ ಎನ್ನುತ್ತಿದ್ದರು. ಮಕ್ಕಳಿಲ್ಲದ ತೋಳುಗಿತ್ತಿಗೆ ಗಿಲಕಿ ಎಂದರೆ ಕಣ್ಣಿನ ಗೊಂಬೆ. ದೊಡ್ಡಮ್ಮ ಕೆಲಸದಿಂದ ಬಂದ ಕೂಡಲೇ ತೋಳು ಹಿಡಿದು, ಇವತ್ತು ಎಷ್ಟು ಕಚ್ಚಿದವು ಎಂದು ಕೆಂಪು ಚುಕ್ಕೆಗಳ ಮೇಲೆ ಬೆರಳಾಡಿಸುವುದು ಅವಳ ಪದ್ಧತಿ.

ಹಿಂದಿನ ವರ್ಷ ಗಿಲಕಿಗೆ ಆ ಸೊಳ್ಳೆಜ್ವರ ಬಂದಿತ್ತು. ಹಗುರವಾಗಿ ಬಂದು ಹೋಗಿತ್ತು. ಆದರೆ ಡಾಕ್ಟರು ಹೊರಗೆ ಕರೆದು ಎಚ್ಚರಿಸಿದ್ದರು: ಇದು ಒಮ್ಮೆ ಬಂದವರಿಗೆ ಎರಡನೇ ಸಲ ಬೇರೆ ಬಗೆಯದು ಬಂದರೆ ಕಷ್ಟ, ಮತ್ತೆ ಬರದಂತೆ ನೋಡಿಕೊಳ್ಳಿ. ನೋಡಿಕೊಳ್ಳಿ ಎಂದರೆ ಹೇಗೆ? ಆ ಸೊಳ್ಳೆ ಹಗಲು ಕಚ್ಚುವಂಥದ್ದು. ಮಗುವನ್ನು ಹಗಲೆಲ್ಲ ಪರದೆಯೊಳಗೆ ಕೂರಿಸಲಾಗುತ್ತದೆಯೇ? ತಂಗಿ ಕಾಯಿಲ್ ಹಚ್ಚಿ ಹಚ್ಚಿ ಮನೆ ಹೊಗೆಗೂಡಾಗಿತ್ತು. ತೋಳುಗಿತ್ತಿ ಮಾತ್ರ ಒಳಗೊಳಗೇ ಒಂದು ಲೆಕ್ಕ ಹಾಕಿಕೊಂಡಿದ್ದಳು. ಒಕ್ಕಲಿರುವ ಸೊಳ್ಳೆಗಳನ್ನು ಬೀದಿಬೀದಿಗೆ ಬಿಡುತ್ತಾ ಬರುತ್ತಿದ್ದಾರೆ. ಮುಂದಿನ ಜ್ವರದ ಕಾಲಕ್ಕೆ ಮೊದಲು ನಮ್ಮ ಬೀದಿಗೂ ಬಿಟ್ಟರೆ ಗಿಲಕಿ ಉಳಿದಳು.

ಅದಕ್ಕೆ ಬೀದಿಯವರು ಒಪ್ಪಬೇಕು. ಮೇಡಂ ಕೇಳುವ ಮೊದಲೇ ತೋಳುಗಿತ್ತಿ ಮನೆಮನೆ ತಿರುಗಿದಳು. ಇಸ್ತ್ರಿಯವನು ಒಪ್ಪಿದ, ಸೈಕಲ್ ರಿಪೇರಿಯವನು ನೋಡೋಣ ಎಂದ. ಮೂಲೆಮನೆಯ ಅಜ್ಜಿ ಮಾತ್ರ ಪಟ್ಟು ಬಿಡಲಿಲ್ಲ.

“ಇರೋ ಸೊಳ್ಳೆ ಸಾಲದು ಅಂತ ಹೊರಗಿಂದ ಬೇರೆ ತರ್ತೀಯಾ? ಕಳ್ಳನ ಕಾಟ ಅಂತ ಮನೇಲಿ ಇನ್ನೊಬ್ಬ ಕಳ್ಳನ್ನ ಸಾಕಿದ ಹಾಗಾಯ್ತು.”

ತೋಳುಗಿತ್ತಿ ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದಳು. “ನೋಡಜ್ಜಿ. ಇಷ್ಟು ವರ್ಷದಿಂದ ಕಚ್ಚಿಸಿಕೊಳ್ತಿದೀನಿ. ನಂಗೇನಾಗಿದೆ?”

“ನಿಂಗೇನಾಗುತ್ತೆ ಬಿಡು. ನಿನ್ನ ಕಚ್ಚಿದ ಸೊಳ್ಳೆಗೇ ಏನಾದ್ರೂ ಆಗಬೇಕು.”

ಬೀದಿಯೆಲ್ಲ ನಕ್ಕಿತು. ತೋಳುಗಿತ್ತಿಯೂ ನಕ್ಕಳು. ಅಜ್ಜಿ ನಗುನಗುತ್ತಲೇ ಒಪ್ಪಿಕೊಂಡಳು. ಆಮೇಲೆ ಎಷ್ಟೋ ದಿನ ಆ ಮಾತು ತೋಳುಗಿತ್ತಿಯ ಕಿವಿಯೊಳಗೆ ಗುಂಯ್‌ಗುಡಲಿತ್ತು, ಆದರೆ ಅಂದು ಅದು ಬರೀ ಹಾಸ್ಯ.

ಬೀದಿ ಒಪ್ಪಿತು, ದಿನ ಗೊತ್ತಾಯಿತು. ಆಗಲೇ ತೋಳುಗಿತ್ತಿಯ ಬಲಗಡೆಯ ದವಡೆ ಹಲ್ಲಿನ ನೋವು ಎದ್ದು ಕುಳಿತಿತು.

ಮೊದಲು ಲವಂಗ ಇಟ್ಟುಕೊಂಡಳು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಕೆನ್ನೆ ಊದಿಕೊಂಡು ಕಿವಿಯ ತನಕ ಚಳುಕು ಹೊಡೆಯತೊಡಗಿದಾಗ ಹಲ್ಲಿನ ಡಾಕ್ಟರ ಬಳಿ ಹೋಗದೆ ವಿಧಿಯಿರಲಿಲ್ಲ. ಕೀವು ತುಂಬಿದೆ, ಮೊದಲು ಅದು ಇಳಿಯಲಿ, ಆಮೇಲೆ ಕೀಳೋಣ ಎಂದು ಅವರು ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ನಡುವೆ ಬಿಡಬಾರದು.

ಮಾತ್ರೆಯ ಪಟ್ಟಿಯನ್ನು ಅಂಗೈಯಲ್ಲಿ ಹಿಡಿದು ಅವಳು ಔಷಧಿ ಅಂಗಡಿಯ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಗೊತ್ತಿಲ್ಲದ ವಿಷಯವೇನಲ್ಲ ಅದು. ತೋಳು ಕೊಡುವವರು ಆಂಟಿಬಯೋಟಿಕ್ ತೆಗೆದುಕೊಂಡಿರಬಾರದು ಎಂಬುದು ಆ ಕಟ್ಟಡದ ಮೊದಲ ಪಾಠ. ಮಾತ್ರೆ ರಕ್ತಕ್ಕಿಳಿಯುತ್ತದೆ, ರಕ್ತ ಸೊಳ್ಳೆಗಿಳಿಯುತ್ತದೆ, ಒಳಗಿನ ವಠಾರವೆಲ್ಲ ಬರಿದಾಗಬಹುದು. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದವಳು ಅವಳೇ.

ಆದರೆ ಅವಳ ಜೊತೆ ತೋಳು ಕೊಡುತ್ತಿದ್ದ ಇನ್ನೊಬ್ಬಳು ಹೆರಿಗೆಗೆ ಹೋಗಿದ್ದಳು. ತಮ್ಮ ಬೀದಿಗೆಂದು ಬೆಳೆಸುತ್ತಿದ್ದ ತಾಯಿ ಸೊಳ್ಳೆಗಳ ಪಂಜರಗಳು ಸಾಲಾಗಿ ಕಾದಿದ್ದವು. ಈಗ ರಕ್ತ ಕುಡಿದು ಮೊಟ್ಟೆ ಇಟ್ಟರೆ ಸರಿ. ಇಲ್ಲವಾದರೆ ಆ ತಂಡ ಹೋಯಿತು. ಮತ್ತೊಂದು ತಂಡ ಸಿದ್ಧವಾಗುವಷ್ಟರಲ್ಲಿ ಜ್ವರದ ಕಾಲ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಮೇಡಂ ದಿನವನ್ನು ಮುಂದಕ್ಕೆ ಹಾಕುತ್ತಾರೆ, ಮುಂದಕ್ಕೆ ಎಂದರೆ ಮುಂದಿನ ವರ್ಷಕ್ಕೆ. ಗಿಲಕಿ ಇನ್ನೊಂದು ವರ್ಷ ಹೊಗೆಯಲ್ಲಿ ಕೂರಬೇಕು.

ಮನಸ್ಸಿಗೆ ಒಂದು ದಾರಿ ಬೇಕಾದಾಗ ಅದು ಗೋಡೆಯಲ್ಲೂ ಬಾಗಿಲು ಕಾಣುತ್ತದೆ. ತೋಳುಗಿತ್ತಿ ಹೀಗೆ ಮಾಡಿದಳು: ತೋಳು ಕೊಡುವ ದಿನಗಳಲ್ಲಿ ಬೆಳಗಿನ ಮಾತ್ರೆ ನುಂಗಲಿಲ್ಲ. ಬದಲಿಗೆ ಚೊಂಬುಗಟ್ಟಲೆ ನೀರು ಕುಡಿದಳು. ರಾತ್ರಿ ನುಂಗಿದ್ದು ಬೆಳಗಾಗುವುದರೊಳಗೆ ನೀರಿನ ಜೊತೆ ಹೋಗಿರುತ್ತದೆ, ರಕ್ತ ತೊಳೆದಂತಾಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಕೆನ್ನೆಯ ಊತವನ್ನು ಮುಖಗವಸು ಮುಚ್ಚಿತು.

ಬಲೆಯ ಬಾಗಿಲ ಬಳಿ ನಿಂತು ಮೇಡಂ ಪ್ರತಿ ಬೆಳಿಗ್ಗೆ ಕೇಳುವ ಎರಡು ಪದಗಳಿದ್ದವು. ಇಷ್ಟು ವರ್ಷ ಅವು ಹೇಗಿದ್ದೀಯ ಎಂದು ಕೇಳಿದಷ್ಟೇ ಸಲೀಸು.

“ಜ್ವರ? ಮಾತ್ರೆ?”

“ಇಲ್ಲ ಮೇಡಂ.”

ಇವತ್ತಿನ ಮಟ್ಟಿಗೆ ಸುಳ್ಳಲ್ಲವಲ್ಲ ಎಂದುಕೊಂಡು ಎರಡನೆಯ ಬಾಗಿಲು ದಾಟಿದಳು. ಚೀಲದೊಳಗೆ ತೋಳು ತೂರಿಸಿದಳು. ಅವು ಎಂದಿನಂತೆ ಬಂದು ಕುಳಿತವು, ಎಂದಿನಂತೆ ಕುಡಿದವು. ಒಂದೇ ಒಂದಾದರೂ ಮುಖ ತಿರುಗಿಸಿದ್ದರೆ ತೋಳು ಎಳೆದುಕೊಳ್ಳುತ್ತಿದ್ದೆ ಎಂದು ಆಮೇಲೆ ಅವಳಿಗೆ ಅನ್ನಿಸಿದ್ದುಂಟು. ಸೊಳ್ಳೆಗೆ ಅಷ್ಟೆಲ್ಲ ತಿಳಿಯುವುದಿಲ್ಲ. ಆ ತಂಡ ಮುಗಿಯುವ ತನಕ ಹೀಗೆಯೇ ನಡೆಯಿತು. ತಾಯಿ ಸೊಳ್ಳೆಗಳಲ್ಲಿ ಕೆಲವನ್ನು ರುಬ್ಬಣ್ಣ ಮೊದಲೇ ಅರೆದು ಪರೀಕ್ಷಿಸಿದ್ದ. ಎಲ್ಲದರಲ್ಲೂ ಒಕ್ಕಲು ತುಂಬಿ ತುಳುಕುತ್ತಿತ್ತು. ರಕ್ತ ಕುಡಿದ ಮೇಲೆ ತಾಯಿಗಳನ್ನಾಗಲಿ ಅವುಗಳ ಮರಿಗಳನ್ನಾಗಲಿ ಮತ್ತೆ ನೋಡುವ ಪದ್ಧತಿ ಅಲ್ಲಿರಲಿಲ್ಲ. ಮೊಟ್ಟೆ ಇಟ್ಟಾದ ಮೇಲೆ ತಾಯಿಗಳನ್ನು ಬಿಸಿನೀರಿಗೆ ಸುರಿದು ಪಂಜರ ತೊಳೆಯುವುದು ವಾಡಿಕೆ, ಹಾಗೆಯೇ ತೊಳೆದರು.

ಸೊಳ್ಳೆ ಬಿಡುವ ದಿನ ಬೀದಿಯಲ್ಲಿ ಎಲ್ಲರೂ ಹೊರಗೆ ನಿಂತಿದ್ದರು. ಆ ಮೊಟ್ಟೆಗಳಿಂದ ಬೆಳೆದ ಸೊಳ್ಳೆಗಳ ಡಬ್ಬಿಗಳ ಸುತ್ತ ಹುಡುಗರು ಮುತ್ತಿಕೊಂಡಿದ್ದರು. ಮುಚ್ಚಳ ತೆಗೆದಾಗ ಹೊಗೆಯ ಎಳೆಯಂತೆ ಅವು ಮೇಲೆದ್ದು ಚರಂಡಿಯ ಕಡೆಗೆ, ಹೂಕುಂಡಗಳ ಕಡೆಗೆ, ಮನೆಗಳ ಕತ್ತಲೆಗೆ ಚದುರಿಹೋದವು. ಇನ್ನು ಕೆಲವು ತಿಂಗಳು ಔಷಧಿ ಹೊಡೆಯಬೇಡಿ, ಕಾಯಿಲ್ ಹಚ್ಚಬೇಡಿ, ಇವು ಬೀದಿಯಲ್ಲಿ ನೆಲೆ ನಿಂತು ಹಳೆಯ ಸೊಳ್ಳೆಗಳ ಜೊತೆ ಬೆರೆಯಬೇಕು ಎಂದು ಮೇಡಂ ಎಲ್ಲರಿಗೂ ಬಿಡಿಸಿ ಹೇಳಿದರು. ಹಗಲು ಮಲಗಿದರೂ ಪರದೆ ಕಟ್ಟಿಕೊಳ್ಳುವುದನ್ನು ಬಿಡಬೇಡಿ, ಪೂರ್ತಿ ನೆಲೆ ನಿಲ್ಲುವ ತನಕ ಎಚ್ಚರವಿರಲಿ ಎಂದೂ ಹೇಳಿದರು. ಹೇಳಿದ್ದರಲ್ಲಿ ಜನ ತಮಗೆ ಸುಲಭವಾದದ್ದನ್ನು ನೆನಪಿಟ್ಟುಕೊಂಡರು.

ತಂಗಿ ಕಾಯಿಲ್ ಡಬ್ಬಿಯನ್ನು ಅಟ್ಟಕ್ಕೆ ಎಸೆದಳು. ಅಕ್ಕ ಹೇಳಿದ ಮೇಲೆ ಮುಗಿಯಿತು. ಗಿಲಕಿಗಂತೂ ಅದೊಂದು ಹೊಸ ಆಟ. ಅಮ್ಮ ಹೊಲಿದಿಟ್ಟ ಚೀಲವೊಂದಕ್ಕೆ ತಳ ಬಿಚ್ಚಿ, ಅದರೊಳಗೆ ಮೊಣಕೈವರೆಗೆ ತೋಳು ತೂರಿಸಿ, ಬರಿಯ ಅಂಗೈಯನ್ನು ಹೊಸ್ತಿಲಾಚೆ ಚಾಚಿ ಕೂರುತ್ತಿದ್ದಳು. ಮಾತಿನ ಮಲ್ಲಿ ಆ ಹೊತ್ತು ಮಾತ್ರ ತುಟಿ ಬಿಗಿದು ಕದಲದೆ ಇರುತ್ತಿದ್ದಳು. ಯಾರಾದರೂ ಏನೇ ಅದು ಎಂದರೆ ಪಿಸುಗುಟ್ಟುತ್ತಿದ್ದಳು.

“ಶ್‌. ಅಲ್ಲಾಡಬಾರದು. ದೊಡ್ಡಮ್ಮನ ಸೊಳ್ಳೆ ಊಟ ಮಾಡ್ತಿದೆ.”

ತೋಳುಗಿತ್ತಿ ಅದನ್ನು ಕಂಡು ಹಿಗ್ಗಿದಳು. ತಡೆಯಲಿಲ್ಲ. ಕಚ್ಚಿದರೆ ಕಚ್ಚಲಿ, ನಮ್ಮವೇ ತಾನೇ ಎಂದಳು. ತಂಗಿ ಕೇಳಿಸಿಕೊಂಡಳು, ಯಂತ್ರ ತುಳಿಯುತ್ತಲೇ ನಕ್ಕಳು.

ಮೊದಲು ಮಲಗಿದವನು ಇಸ್ತ್ರಿಯವನು. ಅವನು ಬಟ್ಟೆ ಕೊಡಲು ಹತ್ತು ಬೀದಿ ಅಲೆಯುತ್ತಾನೆ, ಎಲ್ಲಿಂದಲೋ ಹತ್ತಿಸಿಕೊಂಡು ಬಂದಿರುತ್ತಾನೆ ಎಂದು ತೋಳುಗಿತ್ತಿ ಸಮಾಧಾನ ಮಾಡಿಕೊಂಡಳು. ಅವನು ಎದ್ದ, ಸೈಕಲ್ ರಿಪೇರಿಯವನ ಹೆಂಡತಿ ಮಲಗಿದಳು. ಅದಾದ ಮೇಲೆ ಒಂದು ಮಧ್ಯಾಹ್ನ ಗಿಲಕಿ ಶಾಲೆಯಿಂದ ಬಂದವಳು ಚೀಲಗಳ ರಾಶಿಯ ಮೇಲೆ ಹಾಗೇ ಒರಗಿಕೊಂಡಳು. ಮಾತಾಡಲಿಲ್ಲ. ತಂಗಿಗೆ ಮೊದಲು ಗಮನಕ್ಕೆ ಬಂದದ್ದು ಮೈಯ ಬಿಸಿಯಲ್ಲ, ಮನೆಯ ಸದ್ದಡಗಿದ್ದು.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಅದೇ ಜ್ವರದವರು ಮಂಚಕ್ಕಿಬ್ಬರಂತೆ ಮಲಗಿದ್ದರು. ಗಿಲಕಿಯ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಅವಳು ಕಣ್ಣರಳಿಸಿ ನೋಡಿ, ಇದು ಸೊಳ್ಳೆಗಿಂತ ದಪ್ಪ ಮೂತಿ ಎಂದಳು. ಆ ಮಂಚದಲ್ಲಿ ಅವಳಾಡಿದ ತಮಾಷೆ ಅದೊಂದೇ. ತೋಳುಗಿತ್ತಿ ಹೊರಗೆ ಬಂದು ಗೋಡೆ ಹಿಡಿದು ನಿಂತಳು. ತಾನು ನುಂಗಿದ್ದ ಮಾತ್ರೆಗಳ ನೆನಪಾಯಿತು. ಅಲ್ಲಿಂದ ನೇರವಾಗಿ ಬೀಗ ಹಾಕಿದ್ದ ತಂಗಿಯ ಮನೆಗೆ ಬಂದಳು. ಕಿಟಕಿಯ ಮೂಲೆಯಲ್ಲಿ, ನೇತುಹಾಕಿದ ಬಟ್ಟೆಗಳ ನಡುವೆ, ಗಿಲಕಿ ಕೂರುತ್ತಿದ್ದ ಹೊಸ್ತಿಲ ಬಳಿ, ಸಿಕ್ಕ ಸೊಳ್ಳೆಗಳನ್ನೆಲ್ಲ ಲೋಟ ಕವುಚಿ ಹಿಡಿದಳು. ಹಿಡಿಯುವುದರಲ್ಲಿ ಅವಳಷ್ಟು ಪಳಗಿದ ಕೈ ಬೇರೊಂದಿರಲಿಲ್ಲ. ಲೋಟಗಳಿಗೆ ಬಟ್ಟೆ ಕಟ್ಟಿ ರುಬ್ಬಣ್ಣನ ಮುಂದೆ ಇಟ್ಟಳು.

ಏನಕ್ಕಾ, ಮನೆಯಿಂದ ಉಡುಗೊರೆಯಾ ಎಂದು ನಗಲು ಹೊರಟವನು ಅವಳ ಮುಖ ನೋಡಿ ಲೋಟಗಳನ್ನು ತನ್ನತ್ತ ಎಳೆದುಕೊಂಡ.

ಮರುದಿನ ಗಿಲಕಿಯ ಜ್ವರ ಇಳಿಯಿತು. ಮೈ ತಣ್ಣಗಾಗಿತ್ತು. ತಂಗಿಯ ಗಂಡ ಟ್ಯಾಂಕರನ್ನು ಆಸ್ಪತ್ರೆಯ ಮುಂದೆಯೇ ನಿಲ್ಲಿಸಿ ಓಡಿ ಬಂದು, ಮಗಳ ಹಣೆ ಮುಟ್ಟಿ, ಇಳೀತಲ್ಲ, ಇನ್ನು ಭಯವಿಲ್ಲ ಎಂದು ಎಲ್ಲರಿಗೂ ಹೇಳಿದ. ಪಕ್ಕದ ಮಂಚದವರೂ ಸಂತೋಷಪಟ್ಟರು. ನರ್ಸ್ ಮಾತ್ರ ನಗಲಿಲ್ಲ. ಈ ಕಾಯಿಲೆಯಲ್ಲಿ ಜ್ವರ ಇಳಿದ ಮೇಲೇ ನಾವು ಹೆಚ್ಚು ಹೆದರೋದು ಎಂದು ಮೆಲ್ಲಗೆ ಹೇಳಿ ಡಾಕ್ಟರನ್ನು ಕರೆಯಲು ಹೋದಳು.

ಅದೇ ಹೊತ್ತಿಗೆ ರುಬ್ಬಣ್ಣ ಫೋನ್ ಮಾಡಿದ. ಕೆಲವುಗಳಲ್ಲಿ ಒಕ್ಕಲಿದೆ, ಕೆಲವು ಖಾಲಿ ಎಂದ. ಖಾಲಿ ಇರುವವು ನಾವು ಬಿಟ್ಟವುಗಳ ಮಕ್ಕಳಾ ಎಂದು ಅವಳು ಕೇಳಿದಳು. ಅದನ್ನು ಹೇಗೆ ಹೇಳುವುದು, ಹಳೆಯ ಬೀದಿಸೊಳ್ಳೆಗಳೂ ಖಾಲಿಯೇ ಇರುತ್ತವೆ, ಹಣೆಯ ಮೇಲೆ ಬರೆದಿರುತ್ತದೆಯೇ ಎಂದ. ಮಗು ಹೇಗಿದೆ ಎಂದು ಕೇಳಿದ. ಜ್ವರ ಇಳಿದಿದೆ ಎಂದಳು.

ಗಿಲಕಿ ಆ ಸಂಜೆ ಬೆಳಕಿರುವಾಗಲೇ ಹೋದಳು. ಮೈಯೊಳಗಿನ ನೀರೆಲ್ಲ ರಕ್ತನಾಳದಿಂದ ಸೋರಿಹೋಯಿತು ಎಂದು ಡಾಕ್ಟರು ತಿಳಿಸಿದರು. ತಂಗಿಗೆ ಅದು ಅರ್ಥವಾಗಲಿಲ್ಲ. ನೀರು ತಾನೇ, ಮತ್ತೆ ಏರಿಸಿ, ಇವಳಪ್ಪ ಊರಿಗೆಲ್ಲ ನೀರು ಕೊಡ್ತಾರೆ ಎಂದು ಅದನ್ನೇ ಹೇಳುತ್ತಿದ್ದಳು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ತೋಳುಗಿತ್ತಿ ಕೆಲಸಕ್ಕೆ ಹೋದಳು. ಬಲೆಯ ಬಾಗಿಲಲ್ಲಿ ಮೇಡಂ ಅವಳ ಭುಜ ಮುಟ್ಟಿ, ಇವತ್ತು ತೋಳು ಕೊಡುವುದು ಬೇಡ, ಸುಮ್ಮನೆ ಕುಳಿತಿರು ಎಂದರು. ಎಂದಿನ ಎರಡು ಪದ ಕೇಳಲಿಲ್ಲ. ಕೇಳದಿದ್ದುದೇ ಅವಳಿಗೆ ತಡೆಯಲಾಗಲಿಲ್ಲ.

“ಅವತ್ತು ಮಾತ್ರೆ ಅಂತ ಕೇಳಿದ್ರಲ್ಲ ಮೇಡಂ. ಇಲ್ಲ ಅಂದಿದ್ದೆ. ತಗೊಂಡಿದ್ದೆ.”

ಹಲ್ಲು, ಕೀವು, ಬೆಳಗಿನ ಮಾತ್ರೆ ಬಿಟ್ಟಿದ್ದು, ಚೊಂಬಿನ ನೀರು, ಎಲ್ಲವನ್ನೂ ಹೇಳಿದಳು. ಮೇಡಂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಯಾವ ಮಾತ್ರೆ ಎಂದು ಕೇಳಿದರು. ಹೆಸರು ಕೇಳಿ ಕಣ್ಣು ಮುಚ್ಚಿದರು. ಬೆಳಗಿನದು ಬಿಟ್ಟರೂ ಅದು ರಕ್ತದಲ್ಲಿ ಇದ್ದೇ ಇರುತ್ತದೆ, ನೀರಿಗೆ ತೊಳೆದುಹೋಗುವಂಥದ್ದಲ್ಲ ಎಂದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವವರಂತೆ ಒಂದೊಂದಾಗಿ ಹೇಳುತ್ತಾ ಹೋದರು. ಅಷ್ಟರಿಂದ ಒಕ್ಕಲು ಪೂರ್ತಿ ಹೋಗುತ್ತದೆಂದು ಹೇಳಲಾಗದು, ಕಡಿಮೆಯಾಗಿರಬಹುದು. ಈ ಸಲ ಬಿಸಿಲೂ ವಿಪರೀತವಿತ್ತು. ಬಿಸಿಲಿಗೆ ಕಾದ ತೊಟ್ಟಿಯ ನೀರಿನಲ್ಲಿ ಬೆಳೆದ ಮರಿಗಳಲ್ಲೂ ಒಕ್ಕಲು ಕರಗುವುದುಂಟು. ಬಿಟ್ಟು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ, ಹಳೆಯ ಸೊಳ್ಳೆಗಳೇ ಇನ್ನೂ ಮುಕ್ಕಾಲು ಪಾಲು ಇದ್ದಿರಬಹುದು. ಮಗುವಿಗೆ ಶಾಲೆಯಲ್ಲಿ ಕಚ್ಚಿರಲೂಬಹುದು. ಆ ತಾಯಿಗಳಲ್ಲಿ ನಾಲ್ಕನ್ನಾದರೂ ಎತ್ತಿಟ್ಟಿದ್ದರೆ ನೋಡಬಹುದಿತ್ತು. ಬಿಸಿನೀರಿಗೆ ಹಾಕಿಬಿಟ್ಟೆವು.

ಮೇಲಿನವರಿಗೆ ತಿಳಿಸುತ್ತೇನೆ, ಬೀದಿಗೆ ಬೇರೆ ತಂಡ ಬಿಡುತ್ತೇವೆ, ಇನ್ನು ನೀನು ತೋಳು ಕೊಡುವುದು ಬೇಡ, ತಟ್ಟೆ ತೊಳೆಯುವ ಕಡೆಗೆ ಬಾ ಎಂದರು. ತಂಗಿಗೆ ಹೇಳಬೇಕೇ ಎಂದು ತೋಳುಗಿತ್ತಿ ಕೇಳಿದಳು. ಮೇಡಂ ಕುರ್ಚಿಯಿಂದ ಎದ್ದು ಅವಳ ಪಕ್ಕ ಬಂದು ನಿಂತರು.

“ಏನಂತ ಹೇಳ್ತೀಯ? ನಮಗೇ ಗೊತ್ತಿಲ್ಲ. ನಿನ್ನಿಂದಾನೇ ಅಂದ್ರೆ ಅದು ಸುಳ್ಳಾಗಬಹುದು. ನಿನ್ನಿಂದ ಅಲ್ಲ ಅಂದ್ರೆ ಅದೂ ಸುಳ್ಳಾಗಬಹುದು.”

ಬೀದಿಯಲ್ಲಿ ಗುಸುಗುಸು ಅಷ್ಟರಲ್ಲೇ ಹಬ್ಬಿತ್ತು. ಮೂಲೆಮನೆಯ ಅಜ್ಜಿ ತನ್ನ ಮನೆಗೆ ಔಷಧಿ ಹೊಡೆಸಿದಳು, ಅವಳನ್ನು ನೋಡಿ ಎಲ್ಲರೂ ಹೊಡೆಸಿದರು. ಅರೆಬರೆ ಉಳಿದಿದ್ದ ಒಕ್ಕಲೂ ಆ ಹೊಗೆಯಲ್ಲಿ ಸೊಳ್ಳೆಗಳ ಜೊತೆಗೇ ಸತ್ತಿತು. ಸತ್ತು ಬಿದ್ದ ಸೊಳ್ಳೆಗಳನ್ನು ತೋಳುಗಿತ್ತಿ ಹೊಸ್ತಿಲಿನಿಂದ ಗುಡಿಸಿದಳು. ಯಾವುದು ತನ್ನದು, ಯಾವುದು ಬೀದಿಯದು, ಅವಳ ಕಣ್ಣಿಗೂ ಗೊತ್ತಾಗಲಿಲ್ಲ.

ತಂಗಿ ಮತ್ತೆ ಯಂತ್ರದ ಮುಂದೆ ಕುಳಿತಿದ್ದಳು. ಅಳುತ್ತಿರಲಿಲ್ಲ, ಹೊಲಿಯುತ್ತಿದ್ದಳು. ತಳ ಬಿಚ್ಚಿದ ಆ ಒಂದು ಚೀಲ ಮಾತ್ರ ಯಂತ್ರದ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ಹೊಲಿದು ಸರಿಮಾಡಲೂ ಇಲ್ಲ, ಎಸೆಯಲೂ ಇಲ್ಲ. ತೋಳುಗಿತ್ತಿ ಎಷ್ಟೋ ಬೆಳಿಗ್ಗೆ ಅದರ ಮುಂದೆ ನಿಂತು, ಹೇಳಲೆಂದು ಬಾಯಿ ತೆರೆದು, ನೀರು ಕುಡಿದು ಹೊರಟುಬಿಡುತ್ತಿದ್ದಳು. ಹೇಳಿದರೆ ತಂಗಿಯೂ ದೂರವಾಗುತ್ತಾಳೆ. ಹೇಳದಿದ್ದರೆ ಒಂದೇ ತಟ್ಟೆಯಲ್ಲಿ ಉಂಡು ಒಂದೇ ಸೂರಿನಡಿ ಮಲಗುವುದು ಹೇಗೆ? ತಂಗಿ ಎದುರಿಗೆ ಕುಳಿತು, ನೀನಿರದಿದ್ದರೆ ನಾನು ಏನಾಗಿಬಿಡುತ್ತಿದ್ದೆನೋ ಅಕ್ಕ ಎಂದು ಒಮ್ಮೆ ಹೇಳಿದ ದಿನ, ತೋಳುಗಿತ್ತಿ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಮಧ್ಯಾಹ್ನವೇ ಹೇಳಿಬಿಟ್ಟಳು.

ಹೇಳುವಾಗ ಯಂತ್ರ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ತಂಗಿ ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

“ಅವಳನ್ನ ಕಚ್ಚಿದ್ದು ಯಾವುದಕ್ಕ? ನಿಮ್ಮ ಪಂಜರದ್ದಾ, ಬೀದೀದಾ? ಅದೊಂದು ಹೇಳು ಸಾಕು.”

“ಗೊತ್ತಿಲ್ಲ ಕಣೆ.”

“ನೀನು ಆ ಮಾತ್ರೆ ತಗೊಳ್ದೇ ಇದ್ದಿದ್ರೆ?”

“ಗೊತ್ತಿಲ್ಲ.”

“ಅವಳು ಕೈ ಚಾಚಿ ಕೂತಾಗ ನಾನು ಒಳಗೆ ಕರೀಬೇಕು ಅಂತಿದ್ದೆ. ನಮ್ಮವೇ ತಾನೇ ಅಂದೆ ನೀನು.”

ತೋಳುಗಿತ್ತಿಗೆ ಇದಕ್ಕೆ ಗೊತ್ತಿಲ್ಲ ಎನ್ನಲಾಗಲಿಲ್ಲ. ಅದು ಗೊತ್ತಿತ್ತು. ಹೌದು, ಅಂದಿದ್ದೆ ಎಂದಳು.

ತಂಗಿ ದಾರ ಕಡಿದಳು, ಹೊಲಿದ ಚೀಲವನ್ನು ರಾಶಿಗೆ ಹಾಕಿದಳು. ಹೊರಗೆ ಯಾರೋ ಟ್ಯಾಂಕರಿನ ಹಾರ್ನ್ ಒತ್ತುತ್ತಿದ್ದರು. ಅಕ್ಕ ಎದ್ದು ತನ್ನ ಬಟ್ಟೆಗಳನ್ನು ಕಟ್ಟಿಕೊಳ್ಳಬೇಕೋ, ಕುಳಿತೇ ಇರಬೇಕೋ ತಿಳಿಯದೆ ಕುಳಿತಿದ್ದಳು. ತಂಗಿ ಸೂಜಿಗೆ ಮತ್ತೆ ದಾರ ಪೋಣಿಸುತ್ತಾ, ತಲೆಯೆತ್ತದೆ ಕೇಳಿದಳು.

“ಹಲ್ಲು ಈಗ ಹೇಗಿದೆ?”

ಹಲ್ಲು ಇನ್ನೂ ಕೀಳಿಸಿರಲಿಲ್ಲ. ಮತ್ತೆ ಊದಿಕೊಳ್ಳುತ್ತಿತ್ತು. ಅದಕ್ಕೆ ಮತ್ತೆ ಅವಳು ಮಾತ್ರೆ ಮುಟ್ಟಿರಲಿಲ್ಲ. ವಾಸಿಯಾಗಿದೆ ಎಂದಳು.

ತಂಗಿ ಅದನ್ನು ಚುಚ್ಚಲೆಂದು ಕೇಳಿದಳೋ, ಒಡಹುಟ್ಟಿದವಳ ನೋವು ಎಂದು ಕೇಳಿದಳೋ ಹೇಳಲು ಬರುವುದಿಲ್ಲ. ಅಕ್ಕ ಆ ಮನೆಯಲ್ಲೇ ಇದ್ದಾಳೆ, ತಟ್ಟೆ ತೊಳೆಯುವ ಕೆಲಸಕ್ಕೆ ಹೋಗಿಬರುತ್ತಾಳೆ. ಇಬ್ಬರೂ ಮಾತಾಡುತ್ತಾರೆ, ಏನು ಮಾತಾಡುತ್ತಾರೆಂದು ಹೊರಗಿನವರಿಗೆ ಗೊತ್ತಿಲ್ಲ. ಮಾತ್ರೆಯಿಂದ ಒಕ್ಕಲು ಹೋಯಿತೋ, ಬಿಸಿಲಿನಿಂದ ಹೋಯಿತೋ, ಹೋಗಲೇ ಇಲ್ಲವೋ, ಅದನ್ನು ಈಗ ಯಾರೂ ಪರೀಕ್ಷಿಸಿ ತಿಳಿಯುವಂತಿಲ್ಲ. ಆ ಹೊಸ್ತಿಲಲ್ಲಿ ಚಾಚಿದ ಅಂಗೈಯ ಮೇಲೆ ಬಂದು ಕುಳಿತದ್ದು ಯಾವ ಸೊಳ್ಳೆ, ಅದರೊಳಗೆ ಯಾರಿದ್ದರು ಎಂಬುದೂ ಗೊತ್ತಿಲ್ಲ.